ಸುಣ್ಣದ ಗೋಡೆ, ಧೋತರ, ಗಾಂಧಿ ಟೋಪಿ: ಮದುವೆ ಮನೆಯಲ್ಲಿ ಉಂಗುರ, ತಾಳಿಯ ಫೋಟೋ ತೆಗೆಯುವ ಬಗೆ

ಕಲಬುರಗಿ ಕಡೆ ಮದುವೆ ಫೋಟೋ ತೆಗೆಯುವ ಹುಡುಗರ ಆಲ್ಬಮ್ ನೋಡಿ. ಮದುಮಕ್ಕಳ ಫೋಟೋ ಚೆನ್ನಾಗಿರುತ್ತದೆ. ಹಂದರ, ಊಟದ ಪಂಕ್ತಿ, ಬೀಗರ ನಗು ಎಲ್ಲವೂ ಸರಿಯಾಗಿ ಬಂದಿರುತ್ತವೆ. ಉಂಗುರದ ಕ್ಲೋಸಪ್ ಬಂದಾಗ ಮಾತ್ರ ಕೈ ಬೇಗ ಪುಟ ತಿರುಗಿಸುತ್ತದೆ. ಒಂದು ತೊಲ ಚಿನ್ನ ಹಳೇ ಹಿತ್ತಾಳೆಯ ಹಾಗೆ ಕಾಣುತ್ತಿರುತ್ತದೆ. ಫ್ಲಾಶ್ ಹಾಕಿದ್ದರೆ ಒಂದು ಕಡೆ ಬಿಳಿ ಚುಕ್ಕೆ, ಉಳಿದದ್ದೆಲ್ಲ ಕತ್ತಲೆ. ತಾಳಿ, ಕಾಲುಂಗುರ, ಬೋರಮಾಳ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಎಲ್ಲದಕ್ಕೂ ಇದೇ ಗತಿ.

ಇದಕ್ಕೆ ಹೊಸ ಲೈಟು ಕೊಳ್ಳುವ ಅಗತ್ಯ ಇಲ್ಲ. ಬೆಳಕನ್ನು ತಿರುಗಿಸಿ ಕೊಡುವ ವಸ್ತುಗಳು, ಅಂದರೆ ರಿಫ್ಲೆಕ್ಟರ್‌ಗಳು, ಮದುವೆ ಮನೆಯಲ್ಲೇ ಬೇಕಾದಷ್ಟು ಇರುತ್ತವೆ. ಅವು ಯಾವುವು, ಯಾವುದನ್ನು ಎಲ್ಲಿ ಹಿಡಿಯಬೇಕು, ಯಾವುದನ್ನು ದೂರ ಇಡಬೇಕು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಕೈಯಲ್ಲಿ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇರಲಿ, ಬರೀ ಫೋನ್ ಇರಲಿ, ಕೆಲಸ ಒಂದೇ.

ಚಿನ್ನ ಯಾಕೆ ಕಪ್ಪಾಗುತ್ತದೆ

ಅರಿಶಿಣದ ಕೊಂಬಿನ ಮೇಲೆ ಬಿದ್ದ ಬೆಳಕು ನಾಲ್ಕೂ ಕಡೆ ಚದುರುತ್ತದೆ. ಎಲ್ಲಿಂದ ನೋಡಿದರೂ ಹಳದಿಯೇ. ಪಾಲಿಶ್ ಹಾಕಿದ ಚಿನ್ನ ಹಾಗಲ್ಲ, ಅದು ಕನ್ನಡಿ. ಬೆಳಕು ಯಾವ ಕೋನದಲ್ಲಿ ಬಂತೋ ಅದೇ ಕೋನದಲ್ಲಿ ಆಚೆ ಕಡೆಗೆ ಹೋಗುತ್ತದೆ. ಹಾಗಾಗಿ ಉಂಗುರದ ಫೋಟೋ ತೆಗೆಯುವಾಗ ನಿಜವಾಗಿ ಫೋಟೋಗೆ ಬರೋದು ಉಂಗುರದ ಎದುರಿಗೆ ಇರುವುದೆಲ್ಲ. ಎದುರಿಗೆ ಕತ್ತಲೆ ಕೋಣೆ ಇದ್ದರೆ ಉಂಗುರದಲ್ಲೂ ಕತ್ತಲೆ ಕೋಣೆ. ನೀವು ಕೆಂಪು ಟೀ ಶರ್ಟ್ ಹಾಕಿದ್ದರೆ ಉಂಗುರದ ಹೊಟ್ಟೆಯಲ್ಲಿ ಒಂದು ಕೆಂಪು ಪಟ್ಟೆ.

ಈಗಲೇ ಪರೀಕ್ಷೆ ಮಾಡಿ ನೋಡಿ. ಕೈಯಲ್ಲಿರುವ ಉಂಗುರ ಬಿಚ್ಚಿ ಕಿಟಕಿಯ ಹತ್ತಿರ ಮೇಜಿನ ಮೇಲಿಡಿ. ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ನೋಡಿ. ಕಿಟಕಿ ಕಡೆಯ ಬದಿ ಬೆಳ್ಳಗೆ, ಈಚೆಯ ಬದಿ ಕಪ್ಪಗೆ ಇರುತ್ತದೆ. ಕಪ್ಪು ಬದಿಯ ಎದುರಿಗೆ ಒಂದು ಬಿಳಿ ಹಾಳೆ ತನ್ನಿ. ಒಂದು ಜಾಗಕ್ಕೆ ಬಂದ ಕೂಡಲೇ ಆ ಬದಿ ಜಗ್ಗನೆ ಚಿನ್ನ ಆಗುತ್ತದೆ. ಹಾಳೆಯನ್ನು ಎರಡು ಬೆರಳಿನಷ್ಟು ಆಚೆ ಸರಿಸಿ, ಮತ್ತೆ ಕಪ್ಪು. ಚಿನ್ನಕ್ಕೆ ಬೆಳಕು ಹೊಡೆದರೆ ಆಗುವ ಕೆಲಸ ಅಲ್ಲ ಇದು. ಅದಕ್ಕೆ ಬಿಳಿ ತೋರಿಸಬೇಕು. ಮುಂದೆ ಬರೆದಿರುವುದೆಲ್ಲ ಈ ಒಂದು ವಿಷಯದ ಮೇಲೇ ನಿಂತಿದೆ.

ಜಾಗ ಮತ್ತು ಹೊತ್ತು

ನಮ್ಮ ಕಡೆ ಮದುವೆಗಳು ಬೇಸಿಗೆಯಲ್ಲೇ ಜಾಸ್ತಿ. ಬಿಸಿಲು 42 ಡಿಗ್ರಿ ದಾಟುವ ಕಾಲ. ಮೇ ಮೊದಲ ಹದಿನೈದು ದಿನಗಳೊಳಗೆ ಸೂರ್ಯ ಮೊದಲು ಯಾದಗಿರಿಗೆ, ಆಮೇಲೆ ಕಲಬುರಗಿಗೆ, ಆಮೇಲೆ ಬೀದರ್‌ಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಲಬುರಗಿಯಲ್ಲಿ ಆಗ ನಡುನೆತ್ತಿಯ ಹೊತ್ತು ಗಡಿಯಾರದ 12ಕ್ಕಲ್ಲ, ಸುಮಾರು 12.20ಕ್ಕೆ. ಅಕ್ಕಿಕಾಳು (ಅಕ್ಷತೆ) ಬೀಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆ ಹೊತ್ತಿನಲ್ಲಿ ಉಂಗುರ ಹಿಡಿದು ಕೂರುವುದಕ್ಕೆ ಪುರಸೊತ್ತೂ ಇರೋದಿಲ್ಲ, ಬೆಳಕೂ ಇರೋದಿಲ್ಲ. ಸಣ್ಣ ವಸ್ತುಗಳ ಕೆಲಸವನ್ನು ಮದುಮಗಳ ಸಿಂಗಾರದ ಆಸುಪಾಸಿನಲ್ಲೇ, ಬೆಳಿಗ್ಗೆ 8ರಿಂದ 10ರೊಳಗೆ ಮುಗಿಸಿಬಿಡಿ.

ಫೋಟೋ ಪುಸ್ತಕಗಳಲ್ಲಿ ಉತ್ತರದ ಕಿಟಕಿ ಹುಡುಕಿ ಅಂತ ಬರೆದಿರುತ್ತದೆ. ಅದು ನಮಗಿಂತ ಬಹಳ ಉತ್ತರದಲ್ಲಿರುವ ದೇಶಗಳ ಮಾತು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಕಲಬುರಗಿಯಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ಇಡೀ ದಿನ ಉತ್ತರದ ಕಡೆಗೇ ಇರುತ್ತಾನೆ. ಉತ್ತರದ ಕಿಟಕಿಯಲ್ಲಿ ಬೆಳಿಗ್ಗೆ ಓರೆ ಬಿಸಿಲು ನುಗ್ಗುತ್ತದೆ. ದಕ್ಷಿಣದ ಕಿಟಕಿಗೆ ಆ ದಿನಗಳಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ, ದಿನವಿಡೀ ಮೆತ್ತನೆಯ ಬೆಳಕು. ಹಾಗಾಗಿ ಬೇಸಿಗೆ ಮದುವೆಗೆ ದಕ್ಷಿಣದ ಕಿಟಕಿ ಅಥವಾ ಬಾಗಿಲು. ಕಾರ್ತಿಕ, ಮಾಘದ ಮದುವೆಗೆ ಪುಸ್ತಕ ಹೇಳಿದ ಹಾಗೆ ಉತ್ತರದ್ದು.

ಕಿಟಕಿಯ ಆಚೆ ಏನಿದೆ ಅಂತಲೂ ನೋಡಿ. ಸೂರ್ಯ ಮೇಲೇರಿದಂತೆ ಗೋಡೆಗಳಿಗೆ ಬಿಸಿಲು ಕಡಿಮೆ, ನೆಲಕ್ಕೇ ಜಾಸ್ತಿ. ಆಗ ಅಂಗಳದ ನೆಲವೇ ನಿಮ್ಮ ದೊಡ್ಡ ರಿಫ್ಲೆಕ್ಟರ್. ಶಹಾಬಾದ್ ಫರ್ಸಿ ಹಾಸಿದ ಅಂಗಳವಾದರೆ ಅದೃಷ್ಟ. ಆ ಬೂದು ಕಲ್ಲಿನಿಂದ ಬರುವ ಬೆಳಕಿಗೆ ಬಣ್ಣದ ಕಾಟ ಕಡಿಮೆ. ಎರೆಮಣ್ಣಿನ ಅಂಗಳ ಬೆಳಕನ್ನು ನುಂಗಿಬಿಡುತ್ತದೆ. ಬೀದರ್‌ನ ಕೆಂಪು ನೆಲ ಬೆಳಕನ್ನು ಕೊಡುತ್ತದೆ, ಜೊತೆಗೆ ಕೆಂಪನ್ನೂ ಕೊಡುತ್ತದೆ.

ಜಾಗ ಸಿಕ್ಕ ಕೂಡಲೇ ಆ ಕೋಣೆಯ ಟ್ಯೂಬ್‌ಲೈಟ್, ಸೀರಿಯಲ್ ಸೆಟ್ ಎಲ್ಲ ಆರಿಸಲು ಹೇಳಿ. ಕಿಟಕಿ ಬೆಳಕು ಮತ್ತು ಎಲ್‌ಇಡಿ ಬೆಳಕು ಎರಡೂ ಒಂದೇ ಉಂಗುರದಲ್ಲಿ ಸೇರಿದರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು ಹಳದಿ. ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ತಿದ್ದಿದರೂ ಸರಿ ಹೋಗಲ್ಲ.

ರಿಫ್ಲೆಕ್ಟರ್‌ಗಳು ಎಲ್ಲೆಲ್ಲಿವೆ

ಮೊದಲನೆಯದು ಗೋಡೆ. ಮದುವೆಗೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ನಮ್ಮಲ್ಲಿ ಇನ್ನೂ ಉಂಟು. ಹೊಸದಾಗಿ ಸುಣ್ಣ ಬಳಿದ ಗೋಡೆಯಷ್ಟು ಒಳ್ಳೆಯ ರಿಫ್ಲೆಕ್ಟರನ್ನು ಅಂಗಡಿಯಲ್ಲೂ ಕೊಳ್ಳಲಾಗದು. ದೊಡ್ಡದು, ಮಿನುಗಿಲ್ಲದ್ದು, ಬೆಳಕನ್ನು ಸಮನಾಗಿ ಚೆಲ್ಲುವಂಥದ್ದು. ಆದರೆ ಒಂದು ಎಚ್ಚರ. ಸುಣ್ಣ ಇನ್ನೂ ಬೆಳ್ಳಗೆ ಕಾಣಲಿ ಅಂತ ಅದಕ್ಕೆ ನೀಲಿ ಬೆರೆಸುತ್ತಾರೆ. ಬರಿಗಣ್ಣಿಗೆ ಅದು ಅಪ್ಪಟ ಬಿಳಿ. ಚಿನ್ನದ ಮೇಲೆ ಬಿದ್ದಾಗ ಗೊತ್ತಾಗುತ್ತದೆ: ಹಳದಿಯ ಕಾವು ಹೋಗಿ ಒಡವೆ ಬೂದು ಬೂದು. ಬೆಳ್ಳಿಗಾದರೆ ಅದೇ ಗೋಡೆ ಹಬ್ಬ. ಪರೀಕ್ಷೆ ಸುಲಭ. ಒಂದು ಸಾದಾ ಬಿಳಿ ಹಾಳೆಯನ್ನು ಗೋಡೆಗೆ ತಾಗಿಸಿ ಹಿಡಿದು ಎರಡನ್ನೂ ಒಟ್ಟಿಗೆ ಫೋಟೋ ತೆಗೆಯಿರಿ. ಪರದೆಯ ಮೇಲೆ ವ್ಯತ್ಯಾಸ ಎದ್ದು ಕಾಣುತ್ತದೆ.

ಬೀದರ್ ಕೋಟೆಯ ಹತ್ತಿರ ಪ್ರೀವೆಡ್ಡಿಂಗ್ ಶೂಟ್ ಮಾಡುವವರು ಅಲ್ಲಿಯ ಕೆಂಪು ಜಂಬಿಟ್ಟಿಗೆ ಗೋಡೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಬಿಸಿಲು ಬಿದ್ದ ಜಂಬಿಟ್ಟಿಗೆಯ ಎದುರು ನೆರಳಿನಲ್ಲಿ ಚಿನ್ನ ಇಟ್ಟರೆ ಸಂಜೆಯ ಬಿಸಿಲಿನ ಬಣ್ಣ ಬರುತ್ತದೆ. ತುಂಬಾ ಚೆಂದ. ಅಲ್ಲೇ ಬೆಳ್ಳಿ ಕಾಲುಂಗುರ ಇಟ್ಟರೆ ತಾಮ್ರದ್ದೇನೋ ಅನ್ನಿಸುತ್ತದೆ. ಪ್ಲಾಟಿನಂ ಉಂಗುರ ಕೊಂಡವರಂತೂ ಫೋಟೋ ನೋಡಿ ಜಗಳಕ್ಕೇ ಬರುತ್ತಾರೆ.

ಎರಡನೆಯದು ಬಟ್ಟೆ. ಧೋತರ, ಬಿಳಿ ನೆಹರು ಶರ್ಟು, ಸಂಡಿಗೆ ಒಣಹಾಕಲು ಮಾಳಿಗೆ ಮೇಲೆ ಹಾಸಿದ ಹಳೇ ಪಂಚೆ ಎಲ್ಲವೂ ಆಗುತ್ತವೆ. ಧೋತರವನ್ನು ನಾಲ್ಕು ಮಡಿಕೆ ಮಾಡಿ. ಒಂದೇ ಪದರವಾದರೆ ಅರ್ಧ ಬೆಳಕು ಹಿಂದಕ್ಕೇ ದಾಟಿ ಹೋಗುತ್ತದೆ. ಆ ಒಂದೇ ಪದರಕ್ಕೆ ಬೇರೆ ಉಪಯೋಗ ಇದೆ. ಬಿಸಿಲು ನುಗ್ಗುವ ಕಿಟಕಿಗೆ ಅಡ್ಡ ಕಟ್ಟಿದರೆ ಇಡೀ ಕಿಟಕಿ ಮೆತ್ತನೆಯ ದೀಪ ಆಗುತ್ತದೆ. ಹೊಸ ಬಿಳಿ ಬಟ್ಟೆ, ಹೊಳಪಿನ ಕಾಪಿ ಹಾಳೆಗಳಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಹಾಕಿರುತ್ತಾರೆ. ಹಗಲು ಬೆಳಕಿನಲ್ಲಿ ಅದು ಸ್ವಲ್ಪ ನೀಲಿ ಸೂಸುತ್ತದೆ. ಹಾಗಾಗಿ ಚಿನ್ನಕ್ಕೆ ನನ್ನ ಓಟು ಹಳೇ ಧೋತರಕ್ಕೆ. ತೊಳೆದೂ ತೊಳೆದೂ ಕೆನೆ ಬಣ್ಣಕ್ಕೆ ತಿರುಗಿರುತ್ತದಲ್ಲ, ಅದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗಾಂಧಿ ಟೋಪಿ. ನಮ್ಮ ಕಡೆ ಮದುವೆಗಳಲ್ಲಿ ಟೋಪಿ ಹಾಕಿದ ಅಜ್ಜಂದಿರು ಒಬ್ಬರಾದರೂ ಸಿಗುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಟೋಪಿ ತಾನಾಗಿ ನಿಲ್ಲುತ್ತದೆ. ಅದರ ಬಾಯಿ ಅಗಲಿಸಿ ಪಕ್ಕಕ್ಕೆ ಮಲಗಿಸಿ. ಒಳಗೆ ಎರಡು ಬಿಳಿ ಗೋಡೆ, ನಡುವೆ ಬಾಗಿದ ಮಡಿಕೆ. ಉಂಗುರವನ್ನು ಆ ಬಾಯಿಯ ಎದುರಿಗೆ ಎರಡು ಬೆರಳು ದೂರದಲ್ಲಿಟ್ಟರೆ ಒಂದೇ ಏಟಿಗೆ ಎರಡು ಬದಿಯಿಂದ ಬಿಳಿ. ಅಜ್ಜನನ್ನು ಕೇಳಿ ತೆಗೆದುಕೊಳ್ಳಿ, ಅರಿಶಿಣದ ಕೈಯಲ್ಲಿ ಮಾತ್ರ ಮುಟ್ಟಬೇಡಿ.

ಕಾಗದ ಮೂರನೆಯದು. ಲಗ್ನಪತ್ರಿಕೆಯ ಹಿಂಬದಿ ಬಹಳ ಸಲ ಖಾಲಿ, ದಪ್ಪ, ಬಿಳಿ. ಮಧ್ಯಕ್ಕೆ ಮಡಚಿದರೆ ಪುಸ್ತಕದ ಹಾಗೆ ನಿಲ್ಲುತ್ತದೆ. ಆಹೇರಿ (ಮುಯ್ಯಿ) ಕವರ್ ಕೂಡ ನಡೆಯುತ್ತದೆ. ಸೀರೆ ಡಬ್ಬದ ಒಳಮೈ, ಸಿಹಿ ತಂದ ರಟ್ಟಿನ ಡಬ್ಬದ ಮುಚ್ಚಳ, ಥರ್ಮಾಕೋಲ್ ತಟ್ಟೆ ಯಾವುದಾದರೂ ಸರಿ. ಸಣ್ಣ ವಸ್ತುವಿಗೆ ಸಣ್ಣ ರಿಫ್ಲೆಕ್ಟರೇ ಸಾಕು. ಅಂಗೈಯಗಲದ ಕಾಗದ ಉಂಗುರದ ಪಕ್ಕದಲ್ಲಿದ್ದರೆ ಉಂಗುರದ ಪಾಲಿಗೆ ಅದು ದೊಡ್ಡ ಗೋಡೆ. ಅದನ್ನೇ ಎರಡು ಮೊಳ ದೂರ ಹಿಡಿದರೆ ಇದ್ದೂ ಇಲ್ಲದ ಹಾಗೆ. ಬೆಳಕು ಸಾಲದು ಅನ್ನಿಸಿದಾಗ ದೊಡ್ಡ ಹಾಳೆ ಹುಡುಕುವ ಮೊದಲು ಇರುವುದನ್ನೇ ಹತ್ತಿರ ತನ್ನಿ.

ಇನ್ನು ಹೊಳೆಯುವ ಸಾಮಾನು. ಸ್ಟೀಲ್ ತಾಟು, ಪರಾತ, ರೊಟ್ಟಿ ಸುತ್ತುವ ಬೆಳ್ಳಿ ಹಾಳೆ (ಅಲ್ಯುಮಿನಿಯಂ ಫಾಯಿಲ್), ಬಿಸ್ಕತ್ತು ಪೊಟ್ಟಣದ ಒಳಮೈ. ಇವು ಬೆಳಕನ್ನು ಚೆಲ್ಲುವುದಿಲ್ಲ, ಗುರಿಯಿಟ್ಟು ಹೊಡೆಯುತ್ತವೆ. ಕಲ್ಲುಗಳಿಗೆ ಕಿಡಿ ಹೊತ್ತಿಸಲು ಅದೇ ಬೇಕು. ಚಿನ್ನದ ನುಣುಪು ಮೈಗೆ ಬೇಡ. ಬೆಳ್ಳಿ ಹಾಳೆಯನ್ನು ಒಮ್ಮೆ ಮುದುಡಿ, ಮತ್ತೆ ಬಿಡಿಸಿ, ರಟ್ಟಿನ ಮೇಲೆ ಅಂಟಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ. ಹಿತ್ತಾಳೆಯ ತಾಟು ಹಳದಿ ಕಾವು ಕೊಡುತ್ತದೆ. ಚಿನ್ನಕ್ಕೆ ಸೈ, ಮುತ್ತಿಗೆ ಬೇಡ. ಬಿಸಿಲಿನಲ್ಲಿ ಪರಾತವನ್ನು ಹೇಗೆಂದರೆ ಹಾಗೆ ತಿರುಗಿಸಬೇಡಿ. ಒಳಗೆ ಬಾಗಿದ ಹೊಳೆಯುವ ಪಾತ್ರೆ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತದೆ. ಯಾರದಾದರೂ ಕಣ್ಣಿಗೆ ಹೊಡೆದರೆ ಕಷ್ಟ, ರೇಷ್ಮೆ ಸೀರೆಯ ಮೇಲೆ ಬಿದ್ದರೆ ಇನ್ನೂ ಕಷ್ಟ.

ದೂರ ಇಡಬೇಕಾದವು: ಹಸಿರು ಬಾಳೆ ಎಲೆ, ಹಂದರದ ಕೆಂಪು ಹಳದಿ ಬಟ್ಟೆ, ಹಸಿರು ಎಣ್ಣೆ ಬಣ್ಣ ಬಳಿದ ಗೋಡೆ. ಅರಿಶಿಣ ಹಚ್ಚಿದ ಅಕ್ಕಿಯ ಮೇಲೆ ಬೆಳ್ಳಿ ಇಟ್ಟರೆ ಬೆಳ್ಳಿಯ ಕೆಳಮೈಯೆಲ್ಲ ಹಳದಿ. ಕೆಲವರಿಗೆ ಆ ನೋಟವೇ ಇಷ್ಟ. ನನಗೂ ಕಾಲುಂಗುರದಲ್ಲಿ ಅದು ತಪ್ಪು ಅನ್ನಿಸಲ್ಲ. ಗೊತ್ತಿದ್ದು ಮಾಡಿದರೆ ಸರಿ, ಗೊತ್ತಿಲ್ಲದೆ ಆದರೆ ತೊಂದರೆ.

ಕೊನೆಗೆ ಬಿಳಿಯಲ್ಲದ ಒಂದು ವಸ್ತು: ಕರಿ ಕಂಬಳಿ. ಅದರ ಕೆಲಸ ಮುಂದೆ ಬರುತ್ತದೆ.

ಉಂಗುರ, ಮೊದಲಿಂದ ಕೊನೆವರೆಗೆ

ಕಿಟಕಿಯಿಂದ ಒಂದು ಕೈ ದೂರದಲ್ಲಿ ಸ್ಟೂಲು ಹಾಕಿ. ಕಿಟಕಿ ನಿಮ್ಮ ಬೆನ್ನಿಗೆ ಬೇಡ, ನಿಮ್ಮದೇ ನೆರಳು ಬೀಳುತ್ತದೆ. ಪಕ್ಕದಲ್ಲಿರಲಿ, ಅಥವಾ ಉಂಗುರದ ಹಿಂದೆ ಓರೆಯಾಗಿ ಇರಲಿ. ಸ್ಟೂಲಿನ ಮೇಲೆ ಹಾಸಲು ಇಳಕಲ್ ಸೀರೆಯ ಸೆರಗು, ಲಗ್ನಪತ್ರಿಕೆ, ಅಥವಾ ಒಂದು ತುಂಡು ಫರ್ಸಿ. ನಯವಾದ ಫರ್ಸಿಯ ಮೇಲೆ ಚೂರು ನೀರು ಸವರಿ ಒರೆಸಿದರೆ ಕಪ್ಪಾಗಿ, ಉಂಗುರದ ಮಸುಕು ನೆರಳಚ್ಚು ಅದರಲ್ಲಿ ಕಾಣುತ್ತದೆ. ದುಡ್ಡು ಕೊಟ್ಟು ತರುವ ಅಕ್ರಿಲಿಕ್ ಹಾಳೆಗಿಂತ ನನಗೆ ಇದೇ ಚೆಂದ.

ಉಂಗುರವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಮದುವೆ ಮನೆಯಲ್ಲಿ ಎಲ್ಲರ ಕೈಯಲ್ಲೂ ಎಣ್ಣೆ, ಅರಿಶಿಣ. ಬೆರಳಚ್ಚು ಕಣ್ಣಿಗೆ ಕಾಣದಿದ್ದರೂ ಕ್ಲೋಸಪ್‌ನಲ್ಲಿ ಗೊತ್ತಾಗುತ್ತದೆ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಉಂಗುರ ನೆಟ್ಟಗೆ ನಿಲ್ಲಬೇಕಾದರೆ ಅಡಿಗೆ ಎಳ್ಳಿನಷ್ಟು ಮೇಣ, ಅದೂ ಇಲ್ಲದಿದ್ದರೆ ಹೋಳಿಗೆಗೆ ಕಲಸಿದ ಕಣಕದ ಚೂರು. ಕಲ್ಲು ಕೂರಿಸಿದ ಕಡೆ ತಾಗದಂತೆ ನೋಡಿಕೊಳ್ಳಿ.

ಈಗ ಕ್ಯಾಮೆರಾ ಊರಿ. ಟ್ರೈಪಾಡ್ ಬಿಚ್ಚಲು ಜಾಗ ಇಲ್ಲವೇ? ಅಡುಗೆಮನೆಯಿಂದ ಐದು ಕಿಲೋ ತೊಗರಿಬೇಳೆ ಚೀಲ ತರಿಸಿ. ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಅದಕ್ಕೇನು ಬರ? ಬೇಳೆ ಕ್ಯಾಮೆರಾದ ಹೊಟ್ಟೆಗೆ ತಕ್ಕಂತೆ ತಗ್ಗುತ್ತದೆ, ಅಲ್ಲಾಡುವುದಿಲ್ಲ. ಕ್ಯಾಮೆರಾ ಒಂದೇ ಕಡೆ ನಿಲ್ಲುವುದು ಮುಖ್ಯ. ಕೋನದ ಆಟ ಅಲ್ವಾ, ಕ್ಯಾಮೆರಾ ಸರಿದರೆ ರಿಫ್ಲೆಕ್ಟರ್ ಇಟ್ಟ ಜಾಗವೂ ತಪ್ಪುತ್ತದೆ.

ಮೊದಲ ಫೋಟೋ ರಿಫ್ಲೆಕ್ಟರ್ ಇಲ್ಲದೆ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ಉಂಗುರದಲ್ಲಿ ಕಪ್ಪು ಎಲ್ಲೆಲ್ಲಿದೆ ನೋಡಿ. ಸಾಮಾನ್ಯವಾಗಿ ಕಿಟಕಿಯ ಎದುರು ಬದಿಯಲ್ಲಿ ಒಂದು, ಮೇಲ್ಭಾಗದಲ್ಲಿ ಒಂದು, ಒಳ ಸುತ್ತಿನಲ್ಲಿ ಒಂದು.

ಕಿಟಕಿಯ ಎದುರು ಬದಿಗೆ ಬಿಳಿ ಕಾಗದ ಹಿಡಿಸಿ, ಒಂದು ಗೇಣು ದೂರದಲ್ಲಿ. ನೀವು ಕ್ಯಾಮೆರಾದ ಪರದೆ ಬಿಟ್ಟು ಏಳಬೇಡಿ. ಪಕ್ಕದಿಂದ ನೋಡಿ ಕಾಗದ ಸರಿಯಾಗಿದೆ ಅಂದುಕೊಂಡರೆ ಕ್ಯಾಮೆರಾಗೆ ಬೇರೆಯೇ ಕಾಣುತ್ತದೆ. ಮದುವೆ ಮನೆಯಲ್ಲಿ ಸುಮ್ನೆ ಸುತ್ತಾಡುವ ಹತ್ತು ಹನ್ನೆರಡು ವರ್ಷದ ಹುಡುಗರು ಈ ಕೆಲಸಕ್ಕೆ ಸರಿ. ನೀವು ಪರದೆ ನೋಡುತ್ತಾ "ಮ್ಯಾಲೆ, ಇನ್ನೂ ಮ್ಯಾಲೆ, ಸ್ವಲ್ಪ ಈ ಕಡಿ, ಹಾಂ ನಿಲ್ಲು" ಅನ್ನುತ್ತಾ ಹೋಗಿ. ಕಪ್ಪು ಬದಿಗೆ ಬಿಳಿ ಹರಿದು ಬರುವುದು ಕಣ್ಣೆದುರೇ ಕಾಣುತ್ತದೆ. ಆ ಬಿಳಿಯ ಅಂಚು ಉಂಗುರದ ಮೈ ಮೇಲೆ ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ ಕಂಡರೆ ಕಾಗದವನ್ನು ಸ್ವಲ್ಪ ಬಾಗಿಸಿ, ಅಥವಾ ಓರೆ ಮಾಡಿ. ಅಂಚು ಮೆಲ್ಲಗೆ ಕರಗುತ್ತದೆ.

ಎರಡನೇ ಕಾಗದ ಮೇಲಿನಿಂದ. ಅದನ್ನು ಲೆನ್ಸಿನ ಮೇಲೆಯೇ ಸೂರಿನ ಹಾಗೆ ಚಾಚಬಹುದು. ಒಳ ಸುತ್ತಿನ ಕಪ್ಪು ಹೋಗಲು ಉಂಗುರದ ಹಿಂದೆ ಚೌಕಟ್ಟಿಗೆ ಬಾರದಂತೆ ಇನ್ನೊಂದು ಚೂರು.

ಇಷ್ಟಾದ ಮೇಲೆ ಕೆಲವು ಸಲ ಹೊಸ ತೊಂದರೆ. ಎಲ್ಲ ಕಡೆಯೂ ಬಿಳಿಯಾಗಿ ಉಂಗುರದ ಆಕಾರವೇ ಮಾಯ. ಅಂಚು ಎಲ್ಲಿ, ಮೈ ಎಲ್ಲಿ ತಿಳಿಯದು. ಈಗ ಕಂಬಳಿಯ ಸರದಿ. ಕಂಬಳಿಯ ಅಂಚನ್ನು, ಇಲ್ಲವೇ ಕಪ್ಪು ರವಿಕೆ ಬಟ್ಟೆಯ ಪಟ್ಟಿಯನ್ನು ಒಂದು ಬದಿಯಲ್ಲಿ ಕಾಗದಕ್ಕೂ ಉಂಗುರಕ್ಕೂ ನಡುವೆ ಸ್ವಲ್ಪವೇ ತನ್ನಿ. ಉಂಗುರದ ಅಂಚಿಗೆ ಒಂದು ಸಣ್ಣ ಕರಿ ಗೆರೆ ಬರುತ್ತದೆ. ಆ ಗೆರೆ ಬಂದ ಕೂಡಲೇ ಉಂಗುರ ದುಂಡಗಾಗುತ್ತದೆ. ಚಿನ್ನದ ಫೋಟೋ ಬಿಳಿಯಿಂದ ಅರ್ಧ ಆದರೆ ಕಪ್ಪಿನಿಂದ ಇನ್ನರ್ಧ. ಅಂಗಡಿಯ ರಿಫ್ಲೆಕ್ಟರ್ ಕೊಂಡವರು ಮರೆಯುವುದು ಈ ಅರ್ಧವನ್ನೇ.

ಉಬ್ಬಿದ ಬೆಳ್ಳಿ ಚರಿಗೆ, ಕರಡಿಗೆ ಅಂಥವುಗಳಲ್ಲಿ ನೀವೂ ನಿಮ್ಮ ಕ್ಯಾಮೆರಾವೂ ಕಾಣುವುದು ತಪ್ಪೋದಿಲ್ಲ. ಡ್ರಾಯಿಂಗ್ ಹಾಳೆಯ ನಡುವೆ ಲೆನ್ಸ್ ಹಿಡಿಸುವಷ್ಟು ತೂತು ಮಾಡಿ, ಅದರೊಳಗಿಂದ ಫೋಟೋ ತೆಗೆಯಿರಿ. ಇಡೀ ದೃಶ್ಯದ ಬದಲು ಒಂದು ಸಣ್ಣ ಕರಿ ಚುಕ್ಕೆ ಮಾತ್ರ ಉಳಿಯುತ್ತದೆ, ಅದನ್ನು ಆಮೇಲೆ ಅಳಿಸುವುದು ಸುಲಭ. ನೀವು ತಿಳಿ ಬಣ್ಣದ ಶರ್ಟ್ ಹಾಕಿ ಹೋಗಿದ್ದರೆ ಇನ್ನೂ ಒಳ್ಳೆಯದು.

ಒಂದೊಂದಕ್ಕೂ ಒಂದೊಂದು ಬಗೆ

ವಜ್ರ, ಅಮೆರಿಕನ್ ಡೈಮಂಡ್ ಕಲ್ಲುಗಳಿಗೆ ಬರೀ ಮೆತ್ತನೆಯ ಬೆಳಕು ಕೊಟ್ಟರೆ ಗಾಜಿನ ಚೂರಿನಂತೆ ಸಪ್ಪಗಾಗುತ್ತವೆ. ಕಿಡಿ ಬರಬೇಕಾದರೆ ಚೂಪಾದ ಸಣ್ಣ ಬೆಳಕು ಬೇಕು. ಉಂಗುರದ ಮೈಗೆ ಕಾಗದದ ಬಿಳಿ ಹಾಗೇ ಇರಲಿ. ಜೊತೆಗೆ ಒಂದು ಸ್ಟೀಲ್ ಚಮಚದ ಬೆನ್ನನ್ನೋ ಹೆಬ್ಬೆರಳಿನಷ್ಟು ಬೆಳ್ಳಿ ಹಾಳೆಯನ್ನೋ ಹಿಡಿದು ಬಿಸಿಲಿನ ಚೂರನ್ನು ಕಲ್ಲಿನ ಮೇಲೆ ಬಿಡಿ. ಚಮಚ ಅಲ್ಲಾಡಿಸುತ್ತಾ ಸಾಲಾಗಿ ಫೋಟೋ ತೆಗೆಯಿರಿ, ಯಾವುದರಲ್ಲಿ ಕಿಡಿ ಚೆನ್ನಾಗಿ ಬಂದಿದೆಯೋ ಅದನ್ನು ಉಳಿಸಿಕೊಳ್ಳಿ.

ಮುತ್ತಿಗೆ ಇದರ ಉಲ್ಟಾ. ನಿಕಾಹ್ ಮನೆಗಳಲ್ಲಿ ಮುತ್ತಿನ ಸರ, ಮುತ್ತಿನ ನತ್ತು ಜಾಸ್ತಿ. ಮುತ್ತಿನ ಮೇಲೆ ಒಂದೇ ಒಂದು ಮೆದು ಬಿಳಿ ಚುಕ್ಕೆ ಸಾಕು. ಒಂದು ಕಿಟಕಿ, ಎದುರಿಗೆ ದೂರದಲ್ಲಿ ಒಂದು ಧೋತರ. ಮೂರು ನಾಲ್ಕು ರಿಫ್ಲೆಕ್ಟರ್ ಇಟ್ಟರೆ ಪ್ರತಿ ಮುತ್ತಿಗೂ ಮೂರು ನಾಲ್ಕು ಕಣ್ಣು.

ತಾಳಿಯ ಕಷ್ಟ ಬೇರೆ. ಚಿನ್ನದ ಪಕ್ಕದಲ್ಲೇ ಕರಿಮಣಿ. ಚಿನ್ನಕ್ಕೆ ಬಿಳಿ ತೋರಿಸಿದರೆ ಕರಿಮಣಿಗೂ ಕಾಣುತ್ತದೆ. ಒಂದು ಬದಿಗೆ ಉದ್ದನೆಯ ಸಣ್ಣ ಬಿಳಿ ಪಟ್ಟಿ ಇಡಿ, ಎರಡು ಬೆರಳಗಲ ಸಾಕು. ಪ್ರತಿ ಮಣಿಯ ಮೇಲೂ ಒಂದು ಗೆರೆ ಬೆಳಕು ಬಂದು ಉಳಿದ ಮೈ ಕಪ್ಪಾಗೇ ಉಳಿಯುತ್ತದೆ. ತಾಳಿಯನ್ನು ನೆಲದ ಮೇಲೆ, ಕಿಟಕಿ ಕಟ್ಟೆಯ ಮೇಲೆ ಇಡಬೇಡಿ. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ ಜೊತೆ ಹೇಗಿಟ್ಟಿದ್ದಾರೋ ಹಾಗೇ ಇರಲಿ, ತಾಟನ್ನೇ ಕಿಟಕಿಯ ಕಡೆ ತಿರುಗಿಸಿ.

ಗಾಜಿನ ಹಸಿರು ಬಳೆಗೆ ಬೆಳಕು ಹಿಂದಿನಿಂದ ಬರಬೇಕು. ಬಳೆಯ ಹಿಂದೆ ಬಿಸಿಲು ಬಿದ್ದ ಬಿಳಿ ಗೋಡೆ ಇದ್ದರೆ ಹಸಿರು ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಲೆನ್ಸಿಗೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಗಾಜಿನ ಬಳೆಗೂ ಮಿರುಗುವ ಲಗ್ನಪತ್ರಿಕೆಗೂ ಉಪಯೋಗ. ಚಿನ್ನ ಬೆಳ್ಳಿಯ ಹೊಳಪನ್ನು ಅದು ಕಡಿಮೆ ಮಾಡೋದಿಲ್ಲ. ಅರಗಿನ ಬಳೆಯನ್ನು ಮಾತ್ರ ಬಿಸಿಲಿನಲ್ಲಿ ಬಿಡಬೇಡಿ. ಅರಗು ಮೆತ್ತಗಾಗಿ ಅಂಟಿಸಿದ ಕಲ್ಲು ಸರಿದುಬಿಡುತ್ತದೆ.

ಬಿದ್ರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೀದರ್ ಮದುವೆಗಳಲ್ಲಿ ಬಿದ್ರಿ ಡಬ್ಬಿ, ಹೂದಾನಿ ಕೊಡುವುದು ರೂಢಿ. ಒಡವೆಯನ್ನು ಅದರ ಮೇಲಿಟ್ಟು ಫೋಟೋ ತೆಗೆಯಲು ಕೇಳುವವರೂ ಇದ್ದಾರೆ. ಬಿದ್ರಿಯ ಮೈ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಾಗಿ ಉಜ್ಜುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಫೋಟೋದಲ್ಲೂ ಇದೇ ಆಗಬೇಕು: ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಗೆ. ದೊಡ್ಡ ಬಿಳಿ ಹಾಳೆ ಎದುರಿಗಿಟ್ಟರೆ ಕಪ್ಪು ಮೈಗೂ ಮಸುಕು ಹೊಳಪು ಬಂದು ಬೂದಿಯಾಗುತ್ತದೆ. ಹಾಳೆ ಇಡದಿದ್ದರೆ ಬೆಳ್ಳಿಯೂ ಕಪ್ಪು. ದಾರಿ ಏನೆಂದರೆ, ಸುತ್ತ ಕಂಬಳಿ ಹಾಸಿ ಕಪ್ಪು ಮಾಡಿಕೊಂಡು, ಒಂದೇ ಬದಿಯಿಂದ ಅಂಗೈಯಗಲದ ಕಾಗದವನ್ನು ಮೆಲ್ಲಗೆ ತರುವುದು. ಬೆಳ್ಳಿಯ ಬಳ್ಳಿ ಬೆಳಗಿದ ಕೂಡಲೇ ನಿಲ್ಲಿಸಿ. ಮುಂದೆ ತಂದಷ್ಟೂ ಕಪ್ಪು ಕೆಡುತ್ತಾ ಹೋಗುತ್ತದೆ. ದುಂಡು ಹೂದಾನಿಯಲ್ಲಿ ಎಲ್ಲ ಬೆಳ್ಳಿಯೂ ಒಟ್ಟಿಗೆ ಬೆಳಗುವುದಿಲ್ಲ. ಒಂದು ಕಡೆ ಬೆಳಗಿ ಇನ್ನೊಂದು ಕಡೆ ನೆರಳಿಗೆ ಜಾರಿದರೆ ಅದೇ ಸರಿ, ಅದರಿಂದಲೇ ದುಂಡು ತಿಳಿಯುತ್ತದೆ.

ಕ್ಯಾಮೆರಾ ಮತ್ತು ಫೋನ್

ಕ್ಯಾಮೆರಾದಲ್ಲಾದರೆ ಅಪರ್ಚರ್ (ಲೆನ್ಸಿನ ಬಾಯಿ) ಎಫ್ 8ರಿಂದ ಎಫ್ 11. ಎಫ್ 2.8ರಲ್ಲಿ ಉಂಗುರದ ಒಂದು ಕಲ್ಲು ಮಾತ್ರ ಸ್ಪಷ್ಟ, ಉಳಿದದ್ದು ಮಂಜು. ಎಫ್ 16 ದಾಟಿದರೆ ಒಟ್ಟು ಚಿತ್ರವೇ ಸ್ವಲ್ಪ ಮೊಂಡಾಗುತ್ತದೆ. ಬೆಳಕಿನ ಸೂಕ್ಷ್ಮತೆಯ ಐಎಸ್ಒ 100 ಅಥವಾ 200, ಶಟರ್ ಎಷ್ಟು ಬೇಕೋ ಅಷ್ಟು, ಬೇಳೆ ಚೀಲ ಇದೆಯಲ್ಲ. ಎರಡು ಸೆಕೆಂಡ್ ಟೈಮರ್ ಹಾಕಿ. ಬಿಳಿ ಹಾಸಿನ ಮೇಲಾದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಎರಡರಷ್ಟು) ಹೆಚ್ಚಿಸಿ, ಬಿದ್ರಿ ಅಥವಾ ಕಂಬಳಿಯ ಮೇಲಾದರೆ ಒಂದು ಕಡಿಮೆ ಮಾಡಿ. ಮೀಟರ್ ಎಲ್ಲವನ್ನೂ 18 ಪರ್ಸೆಂಟ್ ಬೂದು ಅಂದುಕೊಂಡೇ ಅಳೆಯುತ್ತದೆ. ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಚಿನ್ನದ ಹಳದಿಯನ್ನೇ ತಪ್ಪು ಅಂದುಕೊಂಡು ತೆಗೆದುಹಾಕುತ್ತದೆ. ಉಂಗುರದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಕಸ್ಟಮ್ ಸೆಟ್ ಮಾಡಿ, ಕಡತ ರಾ (ಕ್ಯಾಮೆರಾ ತಿದ್ದದೆ ಉಳಿಸುವ ರೂಪ) ಇರಲಿ.

ಫೋನ್‌ನಲ್ಲಿ ತೀರಾ ಹತ್ತಿರ ಹೋಗಬೇಡಿ. ಹತ್ತಿರ ಹೋದಷ್ಟೂ ಫೋನೇ ಉಂಗುರದಲ್ಲಿ ಕಪ್ಪು ಗೋಡೆಯಾಗಿ ಕಾಣುತ್ತದೆ. ಒಂದು ಮೊಳ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಹಾಕಿ. ಉಂಗುರದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಚೂರು ಕೆಳಗೆ ಎಳೆಯಿರಿ.

ಕಿಟಕಿಯೇ ಇಲ್ಲದ ಫಂಕ್ಷನ್ ಹಾಲ್

ಇತ್ತೀಚಿನ ಹಾಲ್‌ಗಳಲ್ಲಿ ವಧುವಿನ ಕೋಣೆಗೆ ಕಿಟಕಿ ಇದ್ದರೆ ಪುಣ್ಯ. ಆಗ ಮೂರು ಜಾಗ ನೋಡಿ: ಮೆಟ್ಟಿಲಿನ ತಿರುವು, ಅಡುಗೆ ಭಟ್ಟರು ಓಡಾಡುವ ಹಿಂಬಾಗಿಲು, ಪಾರ್ಕಿಂಗ್. ಪಾರ್ಕಿಂಗ್ ಅಂದದ್ದು ತಮಾಷೆಗಲ್ಲ. ದಿಬ್ಬಣದ ಕಾರುಗಳಲ್ಲಿ ಅರ್ಧ ಬಿಳಿಯವೇ. ಬಿಸಿಲಿಗೆ ಮೈಯೊಡ್ಡಿ ನಿಂತ ಬಿಳಿ ಬೊಲೆರೊದ ಎದುರು ನೆರಳಿನಲ್ಲಿ ಕುಳಿತರೆ ಬಾಗಿಲಿನಷ್ಟು ಅಗಲದ ರಿಫ್ಲೆಕ್ಟರ್ ಸಿಕ್ಕಿದ ಹಾಗೆ. ಕಾರಿನ ಬಾನೆಟ್ ಮುಟ್ಟಬೇಡಿ, ಕೈ ಸುಡುತ್ತದೆ.

ರಾತ್ರಿಯಾದರೆ ಫೋನಿನ ಟಾರ್ಚನ್ನು ಉಂಗುರಕ್ಕೆ ಹೊಡೆಯದೆ ಮಡಚಿದ ಧೋತರಕ್ಕೆ ಹೊಡೆದು ಅಲ್ಲಿಂದ ತಿರುಗಿ ಬರುವ ಬೆಳಕನ್ನು ಬಳಸಿ. ಫ್ಲಾಶ್‌ಗೂ ಇದೇ ಮಾತು. ಹಾಲಿನ ಎಲ್‌ಇಡಿ ಬೆಳಕಲ್ಲೇ ತೆಗೆಯಬೇಕಾಗಿ ಬಂದರೆ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ವೇಗದಲ್ಲಿ ಅಡ್ಡ ಪಟ್ಟೆಗಳು ಬೀಳಬಹುದು.

ಒಡವೆ ಕೈಗೆ ಬಂದಾಗ

ಒಡವೆಯನ್ನು ಯಾರು ಕೊಟ್ಟರೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅತ್ತೆಯೋ ಚಿಕ್ಕಮ್ಮನೋ ಕಾಗದ ಹಿಡಿದು ಸಹಾಯವನ್ನೂ ಮಾಡುತ್ತಾರೆ. ತೆಗೆದುಕೊಳ್ಳುವ ಮೊದಲು ತಾಟಿನಲ್ಲಿಟ್ಟ ಹಾಗೇ ಒಂದು ಫೋಟೋ, ವಾಪಸ್ ಕೊಡುವಾಗ ಇನ್ನೊಂದು. ಅಂಚಿಲ್ಲದ ಸ್ಟೂಲಿನ ಮೇಲೆ ಮೂಗುತಿಯಂಥವನ್ನು ಇಡಬೇಡಿ. ಫರ್ಸಿಯ ಸಂದಿಗೆ ಬಿದ್ದ ಮೂಗುಬಟ್ಟು ಹುಡುಕುತ್ತಾ ಇಡೀ ಮನೆ ಮಂಡಿಯೂರಿ ಕೂತರೆ ಆ ದಿನ ನಿಮಗೆ ಊಟವೂ ರುಚಿಸದು. ಅಕ್ಕಿಯ ಮೇಲೆ ಸಣ್ಣ ಓಲೆ ಇಟ್ಟರೆ ತಿರುಪು ಅದರೊಳಗೆ ಮಾಯ. ಇಷ್ಟಲಿಂಗದ ಕರಡಿಗೆಯನ್ನು ಧರಿಸಿದವರ ಅಪ್ಪಣೆ ಇಲ್ಲದೆ ಮುಟ್ಟಬೇಡಿ, ತೆರೆಯಲು ಕೇಳಲೇಬೇಡಿ.

ಸರದಿಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಲಗ್ನಪತ್ರಿಕೆ, ಬಿದ್ರಿ ಡಬ್ಬಿ, ಉಡುಗೊರೆಗಳನ್ನು ಹಿಂದಿನ ದಿನ ಸಂಜೆಯೇ ಮುಗಿಸಬಹುದು. ಬಳೆ, ಸರ, ಓಲೆಗಳನ್ನು ಬೆಳಿಗ್ಗೆ ಸಿಂಗಾರ ಶುರುವಾಗುವ ಮೊದಲು, ಏಕೆಂದರೆ ಒಮ್ಮೆ ಹಾಕಿಕೊಂಡ ಮೇಲೆ ಯಾರೂ ಬಿಚ್ಚಿ ಕೊಡೋದಿಲ್ಲ. ಉಂಗುರಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ತಾಳಿಯ ತಾಟು ಕೊನೆಗೆ, ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕಿಟಕಿ, ಕಾಗದ, ಕ್ಯಾಮೆರಾ ಎಲ್ಲ ಸಿದ್ಧ ಮಾಡಿ, ಬೇರೆ ಸರ ಇಟ್ಟು ಬೆಳಕು ನೋಡಿಕೊಂಡ ಮೇಲಷ್ಟೇ ಅದನ್ನು ತರಿಸಿ. ಐನೋರು "ತಾಳಿ ಎಲ್ಲಿ?" ಅಂತ ಕೇಳುವ ಹೊತ್ತಿಗೆ ತಾಟು ಮಂಟಪದಲ್ಲಿರಬೇಕು, ನೀವು ಮ್ಯಾಕ್ರೋ ಬಿಚ್ಚಿ ಜೂಮ್ ಹಾಕಿಕೊಂಡು ಹಂದರದಲ್ಲಿ ನಿಂತಿರಬೇಕು.